1982ರಲ್ಲಿ ಇಬ್ಬರು ಚಾಂಪಿಯನ್ನರು

ಜಿಮ್ನಾಸ್ಟಿಕ್ಸ್ ಎಂದ ಕೂಡಲೇ ನಮಗೆ ನೆನಪಾಗುವುದು ಒಲಿಂಪಿಕ್ಸ್. 1976ರ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಗಳಿಸಿದ ನಾದಿಯಾ ಕೊಮನೆಚಿ, ಇಲ್ಲವೇ 2016ರ ರಿಯೋದಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡ ತ್ರಿಪುರಾದ ದೀಪಾ ಕರ್ಮಾಕರ್. ಅಮೆರಿಕದಲ್ಲಿ ಈ ಆಟಕ್ಕೆ ಇನ್ನೊಂದು ತವರು ಉಂಟು: ಕಾಲೇಜು ಹುಡುಗಿಯರ ತಂಡಗಳು. ಅಲ್ಲಿ ಗೆಲ್ಲುವುದು ಒಬ್ಬಳಲ್ಲ, ತಂಡ. ವಾಲ್ಟ್, ಬಾರ್ಸ್, ಬೀಮ್, ಫ್ಲೋರ್, ಹೀಗೆ ನಾಲ್ಕು ವಿಭಾಗ. ಈಗಿನ ನಿಯಮದಂತೆ ಒಂದೊಂದರಲ್ಲೂ ಆರು ಮಂದಿ ಆಡುತ್ತಾರೆ, ಐವರ ಅಂಕ ಲೆಕ್ಕಕ್ಕೆ ಬರುತ್ತದೆ. ಒಲಿಂಪಿಕ್ಸ್ ಶೈಲಿಯ ಆಟ 2006ರಲ್ಲಿ ಕೈಬಿಟ್ಟ 'ಹತ್ತಕ್ಕೆ ಹತ್ತು' ಇಲ್ಲಿ ಇನ್ನೂ ಉಳಿದಿದೆ. ಯೂಟಾ ವಿಶ್ವವಿದ್ಯಾಲಯದ ತಂಡದ ಆಟ ನೋಡಲು ಸಾಲ್ಟ್ ಲೇಕ್ ಸಿಟಿಯಲ್ಲಿ ಹದಿನಾಲ್ಕು ಸಾವಿರಕ್ಕೂ ಮೀರಿ ಜನ ಸೇರಿದ್ದುಂಟು. (ರೇಡಿಯೋದಲ್ಲಿ ಈ ಆಟದ ವೀಕ್ಷಕ ವಿವರಣೆ ಕೊಡು ಎಂದರೆ ಮಾತ್ರ ನಾನು ಕೈಮುಗಿದುಬಿಡುತ್ತೇನೆ. ಒಂದು ವಾಕ್ಯ ಮುಗಿಯುವುದರೊಳಗೆ ಹುಡುಗಿ ಮೂರು ಪಲ್ಟಿ ಹೊಡೆದಿರುತ್ತಾಳೆ!)

ಈ ಜನಜಂಗುಳಿಯ ಹಿಂದೆ ಮರೆತುಹೋದ ಕತೆಯೊಂದಿದೆ. ಕಾಲೇಜು ಹುಡುಗಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1969ರಲ್ಲಿ ಶುರುವಾಯಿತು. ಮೊದಲ ಪ್ರಶಸ್ತಿ ಸ್ಪ್ರಿಂಗ್‌ಫೀಲ್ಡ್ ಕಾಲೇಜಿಗೆ. ಅದನ್ನು ಕಟ್ಟಿ ನಿಲ್ಲಿಸಿದವರು ಮಹಿಳಾ ದೈಹಿಕ ಶಿಕ್ಷಣದ ಅಧ್ಯಾಪಕಿಯರು. ಅವರ ಪ್ರಯತ್ನದಿಂದಲೇ 1971ರಲ್ಲಿ ಎಐಎಡಬ್ಲ್ಯು ಎಂಬ ಸಂಸ್ಥೆ ಹುಟ್ಟಿತು. ಮಹಿಳೆಯರೇ ನಡೆಸುತ್ತಿದ್ದ, ಮಹಿಳೆಯರಿಗಾಗಿಯೇ ಇದ್ದ ಸಂಸ್ಥೆ. ಗಂಡಸರ ಕಾಲೇಜು ಕ್ರೀಡೆಯ ದುಡ್ಡಿನ ರಾಡಿ ನಮಗೆ ಬೇಡ ಎಂಬುದು ಅವರ ನಿಲುವು. ಹಾಗಾಗಿ ಮೊದಲಿಗೆ ಕ್ರೀಡಾ ವಿದ್ಯಾರ್ಥಿವೇತನವನ್ನೂ ನಿಷೇಧಿಸಿದ್ದರು. 1973ರಲ್ಲಿ ಮೊಕದ್ದಮೆ ಎದುರಾದಾಗ ಆ ನಿಯಮ ಬಿಡಬೇಕಾಯಿತು.

1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ 'ಟೈಟಲ್ ನೈನ್' ಕಾಯಿದೆಗೆ ಸಹಿ ಹಾಕಿದರು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡೆಂಬ ತಾರತಮ್ಯ ಮಾಡಕೂಡದು ಎಂಬುದು ಅದರ ಸಾರ. ಕ್ರೀಡೆಯೂ ಅದರ ವ್ಯಾಪ್ತಿಗೆ ಬಂತು. ಪುರುಷರ ಕ್ರೀಡೆಯನ್ನು ನಡೆಸುತ್ತಿದ್ದ ಎನ್‌ಸಿಎಎ ಇದನ್ನು ಜೋರಾಗಿಯೇ ವಿರೋಧಿಸಿತು, 1976ರಲ್ಲಿ ಕೋರ್ಟಿಗೂ ಹೋಯಿತು. ಆದರೆ ಕಾಯಿದೆ ಜಗ್ಗಲಿಲ್ಲ. ಹುಡುಗಿಯರ ಆಟಕ್ಕೆ ಜನ ಬರತೊಡಗಿದರು, ಹಣವೂ ಬಂತು. ಆಗ ಅದೇ ಎನ್‌ಸಿಎಎಗೆ ಹುಡುಗಿಯರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು!

1981ರ ಅಧಿವೇಶನದಲ್ಲಿ, ದೊಡ್ಡ ಕಾಲೇಜುಗಳ ಹುಡುಗಿಯರಿಗೆ ತಾನೇ ಚಾಂಪಿಯನ್‌ಷಿಪ್ ನಡೆಸುವ ಠರಾವು ಮಂಡಿಸಿತು. ಮೊದಲು ಮತಗಳು ಸರಿಸಮವಾದವು. ಮತ್ತೊಮ್ಮೆ ಚರ್ಚೆಗೆ ತಂದಾಗ ಠರಾವು ಪಾಸಾಯಿತು. ಬೇರೆ ಸದಸ್ಯತ್ವ ಶುಲ್ಕ ಬೇಡ, ಪ್ರಯಾಣದ ಖರ್ಚು ನಮ್ಮದು ಎಂದರೆ ಯಾವ ಕಾಲೇಜು ಬೇಡವೆಂದೀತು? ಎಐಎಡಬ್ಲ್ಯು ಸದಸ್ಯರನ್ನು ಕಳೆದುಕೊಂಡಿತು, ಟಿ.ವಿ. ಹಣವನ್ನೂ ಕಳೆದುಕೊಂಡಿತು. ಕೊನೆಗೆ ಹೂಡಿದ ಮೊಕದ್ದಮೆಯಲ್ಲೂ ಸೋತಿತು.

ಹೀಗಾಗಿ 1982ರಲ್ಲಿ ಎರಡು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದವು. ಎನ್‌ಸಿಎಎಯ ಮೊಟ್ಟಮೊದಲ ಪ್ರಶಸ್ತಿ ಕೋಚ್ ಗ್ರೆಗ್ ಮಾರ್ಸ್‌ಡನ್ ಅವರ ಯೂಟಾ ತಂಡಕ್ಕೆ. ಎಐಎಡಬ್ಲ್ಯು ನಡೆಸಿದ ಕಟ್ಟಕಡೆಯ ಕೂಟದಲ್ಲಿ ಗೆದ್ದದ್ದು ಫ್ಲಾರಿಡಾ. ಅದರ ಕೋಚ್ ಅರ್ನೆಸ್ಟೀನ್ ವೀವರ್. ಕೆನಡಾದ ಪರವಾಗಿ ಒಲಿಂಪಿಕ್ಸ್‌ಗೆ ಹೋದ ಮೊದಲ ಮಹಿಳಾ ಜಿಮ್ನಾಸ್ಟ್ ಇವರೇ, 1956ರ ಮೆಲ್ಬರ್ನ್‌ನಲ್ಲಿ. ಅದಕ್ಕೂ ಮೊದಲು ಪೆನ್ಸಿಲ್ವೇನಿಯಾದ ಕ್ಲಾರಿಯನ್ ಎಂಬ ಚಿಕ್ಕ ಊರಿನ ಕಾಲೇಜಿಗೆ 1976 ಮತ್ತು 1977ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟಿದ್ದ ಗಟ್ಟಿಗಿತ್ತಿ. ಎನ್‌ಸಿಎಎ ಪಟ್ಟಿಯಲ್ಲಿ ಈ ಮೂರೂ ಗೆಲುವುಗಳಿಗೆ ಜಾಗವಿಲ್ಲ, ಏಕೆಂದರೆ ಆ ಪಟ್ಟಿ ಆರಂಭವಾಗುವುದೇ ಯೂಟಾದಿಂದ.

ನಷ್ಟ ಬರೀ ಪಟ್ಟಿಯದ್ದಲ್ಲ. 1972ರಲ್ಲಿ ಅಮೆರಿಕದ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮಹಿಳೆಯರಾಗಿದ್ದರು. ಸಂಬಳ ಬಂದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಆಟಗಾರ್ತಿಯರ ಸಂಖ್ಯೆ ಮಾತ್ರ ಹಲವು ಪಟ್ಟು ಏರಿತು. ಎನ್‌ಸಿಎಎಗೆ ಆ ಶ್ರೇಯಸ್ಸಿನ ಪಾಲು ಕೊಡಲೇಬೇಕು. ಆದರೂ ಬಿತ್ತಿದವರನ್ನು ಬದಿಗೆ ಸರಿಸಿ ಕೊಯ್ಲು ಮಾಡಿದ್ದು ನನಗೆ ಸರಿ ಎನಿಸುವುದಿಲ್ಲ.

ಜಿಮ್ನಾಸ್ಟಿಕ್ಸ್‌ನಲ್ಲಿ ಮಹಿಳಾ ಕೋಚ್‌ಗಳು ಪೂರ್ತಿ ಸೋಲೊಪ್ಪಲಿಲ್ಲ. ಯೂಟಾ 1982ರಿಂದ 1986ರವರೆಗೆ ಸತತ ಐದು ಸಲ ಗೆದ್ದ ಮೇಲೆ ಆ ಓಟವನ್ನು ತಡೆದವರು ಜಾರ್ಜಿಯಾದ ಸುಝಾನ್ ಯೋಕ್ಯುಲನ್. ಮರುವರ್ಷ ಅಲಬಾಮಾದ ಸಾರಾ ಪ್ಯಾಟರ್ಸನ್. 1991ರಲ್ಲಿ ಯುಸಿಎಲ್‌ಎ ತಂಡದ ಹೊಣೆ ಹೊತ್ತ ವ್ಯಾಲೊರಿ ಕೊಂಡೊಸ್ ಅಂತೂ ಜಿಮ್ನಾಸ್ಟ್ ಅಲ್ಲವೇ ಅಲ್ಲ, ಬ್ಯಾಲೆ ನರ್ತಕಿ. ಅವರು ಏಳು ಪ್ರಶಸ್ತಿ ತಂದರು. 2012ರವರೆಗೆ ಎನ್‌ಸಿಎಎ ಪ್ರಶಸ್ತಿ ಈ ನಾಲ್ಕು ವಿಶ್ವವಿದ್ಯಾಲಯಗಳನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ.

ಐದನೆಯದಾಗಿ 2013ರಲ್ಲಿ ಗೆದ್ದದ್ದು ಫ್ಲಾರಿಡಾ. ಎನ್‌ಸಿಎಎ ದಾಖಲೆಯಲ್ಲಿ ಅದು ಫ್ಲಾರಿಡಾದ ಮೊದಲ ಗೆಲುವು. ಫ್ಲಾರಿಡಾದವರು ಮಾತ್ರ ತಮ್ಮ ಲೆಕ್ಕವನ್ನು 1982ರಿಂದಲೇ ಹಿಡಿಯುತ್ತಾರೆ. ಯೂಟಾದವರೂ ಅಷ್ಟೇ. ಎನ್‌ಸಿಎಎ ಅವರಿಗೆ ಕೊಡುವುದು ಒಂಬತ್ತು ಪ್ರಶಸ್ತಿ, ಅವರು ಹೇಳಿಕೊಳ್ಳುವುದು ಹತ್ತು. ಹತ್ತನೆಯದು 1981ರದ್ದು, ಎಐಎಡಬ್ಲ್ಯು ಕೊಟ್ಟದ್ದು.