ಮುಗಿದ ಪ್ರಶ್ನೆಗಳಿಗೆ ಬೀಗ ಹಾಕಬಹುದೆ?

ನೀವು ಭೌತವಿಜ್ಞಾನದ ಶಿಕ್ಷಕರಾಗಿದ್ದರೆ ಈ ಅನುಭವ ನಿಮಗೂ ಆಗಿರಬಹುದು. ಹಲವು ವರ್ಷಗಳ ಹಿಂದೆ, ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ಮುಂಚೆ ಪಿಯುಸಿ ವಿದ್ಯಾರ್ಥಿಯೊಬ್ಬ ಒಂದು ಚಕ್ರದ ನಕ್ಷೆ ಹಿಡಿದು ನನ್ನ ಬಳಿ ಬಂದ. ಚಕ್ರದ ಅಂಚಿಗೆ ಮಡಚಿಕೊಳ್ಳುವ ತೋಳುಗಳು, ತೋಳುಗಳ ತುದಿಗೆ ಸೀಸದ ಗುಂಡುಗಳು. ಇಳಿಯುವ ಬದಿಯಲ್ಲಿ ತೋಳುಗಳು ಹೊರಕ್ಕೆ ಚಾಚುತ್ತವೆ, ಏರುವ ಬದಿಯಲ್ಲಿ ಒಳಕ್ಕೆ ಮಡಚಿಕೊಳ್ಳುತ್ತವೆ. "ಸರ್, ಇದು ಒಮ್ಮೆ ತಿರುಗಿದರೆ ನಿಲ್ಲುವುದೇ ಇಲ್ಲ" ಎಂದ. "ಶಕ್ತಿ ಸಂರಕ್ಷಣಾ ನಿಯಮ ಓದಿಲ್ಲವೇನಪ್ಪ? ಇದೆಲ್ಲ ಮುಗಿದ ವಿಷಯ" ಎಂದು ಹೇಳಿ ಕಳುಹಿಸಿಬಿಟ್ಟೆ. ಅವನು ಮತ್ತೆ ಬರಲಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೇಳಿದ ರೀತಿ ಸರಿಯಾಗಿತ್ತೆ? ವಿಜ್ಞಾನದಲ್ಲಿ ಒಂದು ಪ್ರಶ್ನೆ 'ಮುಗಿಯಿತು' ಎನ್ನುವುದಕ್ಕೆ ಅರ್ಥವೇನು? ಹಾಗೆ ಮುಗಿದದ್ದನ್ನು ಮತ್ತೆ ತೆರೆಯುವ ಹಕ್ಕು ಯಾರಿಗಿದೆ? ಇತಿಹಾಸದಲ್ಲಿ ಇದಕ್ಕೆ ಉತ್ತರ ಹುಡುಕೋಣ.

ಪ್ಯಾರಿಸ್ ಅಕಾಡೆಮಿಯ ನಿರ್ಣಯ

1775ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಒಂದು ಅಸಾಮಾನ್ಯ ನಿರ್ಣಯ ಕೈಗೊಂಡಿತು. ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ರಚಿಸುವುದು, ಕೋನವನ್ನು ಮೂರು ಸಮಭಾಗ ಮಾಡುವುದು, ಘನದ ಗಾತ್ರವನ್ನು ಇಮ್ಮಡಿಗೊಳಿಸುವುದು ಈ ಮೂರು ಸಮಸ್ಯೆಗಳಿಗೆ ಬರುವ 'ಪರಿಹಾರ'ಗಳನ್ನಾಗಲಿ, ನಿರಂತರ ಚಲನೆಯ ಯಂತ್ರವೆಂದು ಹೇಳಿಕೊಂಡು ಬರುವ ಯಾವುದೇ ಸಾಧನವನ್ನಾಗಲಿ ಇನ್ನು ಮುಂದೆ ಪರಿಶೀಲಿಸುವುದಿಲ್ಲ ಎಂಬುದೇ ಆ ನಿರ್ಣಯ.

ಅಕಾಡೆಮಿ ಸುಮ್ಮನೆ ಬಾಗಿಲು ಮುಚ್ಚಲಿಲ್ಲ, ಕಾರಣಗಳನ್ನೂ ಪ್ರಕಟಿಸಿತು. ಬಂದ ಪರಿಹಾರಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರೂ ಯಾವ ಪ್ರಯೋಜನವೂ ಆಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿರಂತರ ಚಲನೆಯ ಯಂತ್ರದ ಬೆನ್ನು ಹತ್ತಿ ಕುಟುಂಬಗಳು ಹಾಳಾಗಿದ್ದವು. ಸಮಾಜಕ್ಕೆ ಉಪಯುಕ್ತ ಯಂತ್ರಗಳನ್ನು ನೀಡಬಲ್ಲವರಾಗಿದ್ದ ಕುಶಲಕರ್ಮಿಗಳು ತಮ್ಮ ಹಣ, ಕಾಲ, ಪ್ರತಿಭೆಗಳನ್ನು ಅದರಲ್ಲೇ ಕಳೆದಿದ್ದರು. ಅಂದರೆ ಈ ಬೀಗದ ಹಿಂದೆ ಕಾಳಜಿಯೂ ಇತ್ತು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. 1775ರಲ್ಲಿ ಈ ನಾಲ್ಕರಲ್ಲಿ ಯಾವುದೂ ಅಸಾಧ್ಯವೆಂದು ಪೂರ್ಣವಾಗಿ ಸಿದ್ಧವಾಗಿರಲಿಲ್ಲ. ಪೈ ಅಭಾಗಲಬ್ಧ ಸಂಖ್ಯೆಯೆಂದು ಲ್ಯಾಂಬರ್ಟ್ 1760ರ ದಶಕದಲ್ಲಿ ತೋರಿಸಿದ್ದ ನಿಜ. ಆದರೆ ವೃತ್ತದ ಸಮಸ್ಯೆಯನ್ನು ಮುಗಿಸಲು ಅಷ್ಟೇ ಸಾಲದು. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಇವೆರಡರಿಂದಲೇ ಯಾವುದೇ ಕೋನವನ್ನು ತ್ರಿಭಾಗಿಸಲು, ಘನವನ್ನು ಇಮ್ಮಡಿಗೊಳಿಸಲು ಆಗದೆಂದು ವಾಂಟ್ಸೆಲ್ ಸಾಧಿಸಿದ್ದು 1837ರಲ್ಲಿ, ಅಂದರೆ 62 ವರ್ಷಗಳ ನಂತರ. ಪೈ ಬೀಜಾತೀತ ಸಂಖ್ಯೆಯೆಂದು ಲಿಂಡೆಮನ್ ಸಾಧಿಸಿ ವೃತ್ತದ ಸಮಸ್ಯೆಯನ್ನು ಮುಗಿಸಿದ್ದು 1882ರಲ್ಲಿ, 107 ವರ್ಷಗಳ ನಂತರ. ಶಕ್ತಿ ಸಂರಕ್ಷಣಾ ನಿಯಮ ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇವರ ಕೈಯಲ್ಲಿ ರೂಪುಗೊಂಡದ್ದು 1840ರ ದಶಕದಲ್ಲಿ.

ವಾಂಟ್ಸೆಲ್ ಮತ್ತು ಲಿಂಡೆಮನ್ ಮುಚ್ಚಿದ ಬಾಗಿಲನ್ನು ಬಡಿಯುತ್ತಾ ಕೂರಲಿಲ್ಲ. 'ಹೇಗೆ ಮಾಡುವುದು?' ಎಂಬ ಪ್ರಶ್ನೆಯನ್ನು 'ಏಕೆ ಆಗುವುದಿಲ್ಲ?' ಎಂದು ಬದಲಿಸಿಕೊಂಡರು. ಕಾರ್ನೊ 1824ರಲ್ಲಿ ನಿರಂತರ ಚಲನೆ ಅಸಾಧ್ಯವೆಂಬುದನ್ನೇ ಆಧಾರವಾಗಿಟ್ಟುಕೊಂಡು ಉಷ್ಣಯಂತ್ರಗಳ ದಕ್ಷತೆಗೆ ಇರುವ ಮಿತಿಯನ್ನು ಕಂಡುಕೊಂಡ. ಮುಚ್ಚಿದ ಪ್ರಶ್ನೆಯೊಂದು ಹೊಸ ವಿಜ್ಞಾನಕ್ಕೆ ಅಡಿಗಲ್ಲಾಯಿತು.

ಆಕಾಶದಿಂದ ಬಿದ್ದ ಕಲ್ಲು

ಆದರೆ ಅದೇ ಅಕಾಡೆಮಿ, ಅದೇ ಕಾಲದಲ್ಲಿ ಇನ್ನೊಂದು ಪ್ರಶ್ನೆಯಲ್ಲಿ ಎಡವಿತು. 1768ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಗುಡುಗಿನಂತಹ ಶಬ್ದದೊಡನೆ ಕಲ್ಲೊಂದು ಬಿತ್ತು. ಹೊಲದಲ್ಲಿದ್ದ ರೈತರು ನೋಡಿದರು, ಮುಟ್ಟಿದರೆ ಬಿಸಿಯಾಗಿತ್ತು. ಆ ಕಲ್ಲು ಅಕಾಡೆಮಿಗೆ ಬಂದಾಗ ಪರೀಕ್ಷಿಸಿದ ಮೂವರಲ್ಲಿ ತರುಣ ಲವಾಸಿಯೆ ಕೂಡ ಒಬ್ಬ. ರಾಸಾಯನಿಕ ವಿಶ್ಲೇಷಣೆ ನಡೆಯಿತು. ಇದು ಆಕಾಶದಿಂದ ಬಿದ್ದದ್ದಲ್ಲ, ಸಿಡಿಲು ಬಡಿದ ಸಾಮಾನ್ಯ ಕಲ್ಲು ಎಂಬ ತೀರ್ಮಾನ ಬಂತು.

ಲವಾಸಿಯೆ ಅಜಾಗರೂಕನಲ್ಲ. ಪ್ರಯೋಗಾಲಯದಲ್ಲಿ ಕಂಡದ್ದನ್ನು ಪ್ರಾಮಾಣಿಕವಾಗಿಯೇ ಬರೆದ. ಆದರೆ ಕಲ್ಲು ಬಿದ್ದದ್ದನ್ನು ಕಂಡವರ ಮಾತಿಗೆ ತಕ್ಕ ಬೆಲೆ ಸಿಗಲಿಲ್ಲ. 'ಆಕಾಶದಲ್ಲಿ ಕಲ್ಲುಗಳಿಲ್ಲ, ಆದ್ದರಿಂದ ಬೀಳಲಾರವು' ಎಂಬ ಊಹೆ ಸಾಕ್ಷ್ಯಕ್ಕಿಂತ ಮುಂದೆ ನಿಂತಿತ್ತು.

ಈ ಬಾಗಿಲು ಮತ್ತೆ ತೆರೆದದ್ದು ಹೇಗೆ? 1794ರಲ್ಲಿ ಜರ್ಮನಿಯ ಕ್ಲಾಡ್ನಿ, ಧ್ವನಿವಿಜ್ಞಾನದಲ್ಲಿ ನೀವು ಹೆಸರು ಕೇಳಿರುವ ಅದೇ ಕ್ಲಾಡ್ನಿ, ಹಳೆಯ ವರದಿಗಳನ್ನು ಕಲೆಹಾಕಿ ಈ ಕಲ್ಲುಗಳು ಬಾಹ್ಯಾಕಾಶದಿಂದ ಬರುತ್ತವೆಂದು ವಾದಿಸಿದ. ಹಲವರು ಒಪ್ಪಲಿಲ್ಲ. 1798ರ ಡಿಸೆಂಬರ್‌ನಲ್ಲಿ ನಮ್ಮ ಕಾಶಿಯ ಸಮೀಪ ಕಲ್ಲುಗಳು ಬಿದ್ದವು. ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು. ಎಡ್ವರ್ಡ್ ಹೊವಾರ್ಡ್ ಅವುಗಳನ್ನು ಇಂಗ್ಲೆಂಡ್, ಇಟಲಿ ಮತ್ತು ಬೊಹೀಮಿಯಾದಲ್ಲಿ ಬಿದ್ದ ಕಲ್ಲುಗಳೊಡನೆ ಹೋಲಿಸಿ 1802ರಲ್ಲಿ ಫಲಿತಾಂಶ ಪ್ರಕಟಿಸಿದ. ಸಾವಿರಾರು ಕಿಲೋಮೀಟರ್ ದೂರದ ಸ್ಥಳಗಳಲ್ಲಿ ಬಿದ್ದಿದ್ದರೂ ಅವು ಒಂದನ್ನೊಂದು ಹೋಲುತ್ತಿದ್ದವು. ಅವುಗಳಲ್ಲಿದ್ದ ಕಬ್ಬಿಣದ ಕಣಗಳಲ್ಲಿ ನಿಕ್ಕಲ್ ಇತ್ತು. ಮರುವರ್ಷ, 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಪಟ್ಟಣದ ಬಳಿ ಸುಮಾರು 3000 ಕಲ್ಲುಗಳು ಸುರಿದವು. ತರುಣ ಭೌತವಿಜ್ಞಾನಿ ಬಿಯೊ ಅಲ್ಲಿಗೆ ಹೋಗಿ ಹಳ್ಳಿಹಳ್ಳಿ ತಿರುಗಿ ಜನರನ್ನು ವಿಚಾರಿಸಿದ. ಕಲ್ಲುಗಳು ದೀರ್ಘವೃತ್ತಾಕಾರದ ಪ್ರದೇಶದಲ್ಲಿ ಹರಡಿದ್ದನ್ನು ಗುರುತಿಸಿದ. ಆ ವರದಿಯ ನಂತರ ಅನುಮಾನಕ್ಕೆ ಹೆಚ್ಚು ಎಡೆ ಉಳಿಯಲಿಲ್ಲ.

ಲೂಸೆಯಿಂದ ಲೇಗ್ಲ್‌ವರೆಗೆ 35 ವರ್ಷ. ಈ ಅವಧಿಯಲ್ಲಿ ಬಾಗಿಲು ತೆರೆದದ್ದು ಹಳೆಯ ವಾದದ ಪುನರುಚ್ಚಾರದಿಂದಲ್ಲ. ಹೊಸ ವಿಶ್ಲೇಷಣೆ, ಹೊಸ ಹೋಲಿಕೆ ಮತ್ತು ಸ್ಥಳ ಪರೀಕ್ಷೆಯಿಂದ.

ತೆರೆದರೂ ಹಳೆಯದಲ್ಲ

ಬೆಳಕಿನ ಕತೆ ನಿಮಗೆ ಪರಿಚಿತ. ಬೆಳಕು ಕಣಗಳ ಪ್ರವಾಹವಾಗಿದ್ದರೆ ನೀರಿನಲ್ಲಿ ಅದರ ವೇಗ ಗಾಳಿಯಲ್ಲಿರುವುದಕ್ಕಿಂತ ಹೆಚ್ಚಿರಬೇಕೆಂಬುದು ನ್ಯೂಟನ್ನನ ಸಿದ್ಧಾಂತದಿಂದ ಹೊರಡುವ ತೀರ್ಮಾನ. 1850ರಲ್ಲಿ ಫೂಕೊ ಪ್ರಯೋಗ ಮಾಡಿ, ವೇಗ ಕಡಿಮೆ ಎಂದು ತೋರಿಸಿದ. ಕಣವಾದ ಮುಗಿಯಿತು ಎಂದರು. 55 ವರ್ಷಗಳ ನಂತರ, 1905ರಲ್ಲಿ ಐನ್‌ಸ್ಟೈನ್ ಬೆಳಕಿನ ಕ್ವಾಂಟಂ ಕಲ್ಪನೆಯನ್ನು ಮುಂದಿಟ್ಟರು. 1923ರಲ್ಲಿ ಕಾಂಪ್ಟನ್‌ರ ಎಕ್ಸ್-ಕಿರಣ ಪ್ರಯೋಗ ಅದಕ್ಕೆ ಬಲ ನೀಡಿತು. ಹಾಗಾದರೆ ನ್ಯೂಟನ್ ಗೆದ್ದನೆ? ಇಲ್ಲ. ಫೂಕೊನ ಅಳತೆ ಇಂದಿಗೂ ಸರಿ. ಮರಳಿ ಬಂದ ಕಣ ಹಳೆಯ ಕಣವಲ್ಲ. ಅಲೆಯ ಗುಣಗಳನ್ನೂ ಒಪ್ಪಿಕೊಂಡು ಬಂದ ಫೋಟಾನ್.

ಇನ್ನೊಂದು ಉದಾಹರಣೆ ಇತ್ತೀಚಿನದು. 1989ರ ಮಾರ್ಚ್‌ನಲ್ಲಿ ಫ್ಲೀಶ್‌ಮನ್ ಮತ್ತು ಪಾನ್ಸ್, ಭಾರಜಲ ಮತ್ತು ಪಲ್ಲಾಡಿಯಂ ವಿದ್ಯುದ್ವಾರ ಬಳಸಿ ಕೊಠಡಿಯ ತಾಪದಲ್ಲೇ ನ್ಯೂಕ್ಲಿಯ ಸಮ್ಮಿಲನ ಸಾಧಿಸಿರುವುದಾಗಿ ಪತ್ರಿಕಾಗೋಷ್ಠಿಯಲ್ಲಿ ಘೋಷಿಸಿದರು. ಅದನ್ನು ಪುನರಾವರ್ತಿಸಲು ಹೊರಟ ಪ್ರಮುಖ ಪ್ರಯೋಗಾಲಯಗಳಿಗೆ ವಿಶ್ವಾಸಾರ್ಹ ಫಲಿತಾಂಶ ಸಿಗಲಿಲ್ಲ. 'ಶೀತ ಸಮ್ಮಿಲನ' ಎಂಬ ಮಾತೇ ನಗೆಪಾಟಲಾಯಿತು. ಆದರೂ 2015ರಲ್ಲಿ ಗೂಗಲ್ ಸಂಸ್ಥೆಯ ನೆರವಿನಿಂದ ಸುಮಾರು 30 ಸಂಶೋಧಕರು ಈ ಪ್ರಶ್ನೆಯನ್ನು ಉತ್ತಮ ಉಪಕರಣಗಳೊಡನೆ ಮತ್ತೆ ತೆರೆದರು. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ವರದಿಯಂತೆ ಶೀತ ಸಮ್ಮಿಲನಕ್ಕೆ ಯಾವ ಪುರಾವೆಯೂ ದೊರೆಯಲಿಲ್ಲ. ಶ್ರಮ ವ್ಯರ್ಥವಾಯಿತೆ? ಇಲ್ಲ. ಉಷ್ಣವನ್ನು ಅಳೆಯುವ ಉತ್ತಮ ಸಾಧನಗಳು, ಪಲ್ಲಾಡಿಯಂನೊಳಗೆ ಹೈಡ್ರೊಜನ್ ಸೇರಿಸುವ ವಿಧಾನದ ಬಗ್ಗೆ ಹೊಸ ತಿಳಿವಳಿಕೆ ದೊರೆತವು. ಬೀಗವೂ ಮೊದಲಿಗಿಂತ ಭದ್ರವಾಯಿತು.

ತರಗತಿಯಲ್ಲಿ

ಈ ಕತೆಗಳನ್ನು ಒಟ್ಟಿಗೆ ನೋಡಿದರೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ವಿಜ್ಞಾನದಲ್ಲಿ ಬೀಗ ಬೇಕು. ಇಲ್ಲದಿದ್ದರೆ ಎಲ್ಲರ ಸಮಯವೂ ಹಳೆಯ ತಪ್ಪುಗಳ ಪರಿಶೀಲನೆಯಲ್ಲೇ ಕಳೆಯುತ್ತದೆ. ಆದರೆ ಬೀಗ ಹಾಕಿದ ಕಾರಣವನ್ನು ಬಾಗಿಲ ಮೇಲೆ ಬರೆದಿಡಬೇಕು. ಹೊಸದಾಗಿ ಬರುವವನು ಅದನ್ನು ಓದಿ, ತನ್ನ ಕೈಯಲ್ಲಿರುವುದು ಹೊಸ ಬೀಗದಕೈಯೋ ಅಥವಾ ಹಳೆಯದೇ ಇನ್ನೊಂದು ಪ್ರತಿಯೋ ಎಂದು ತಾನೇ ನಿರ್ಧರಿಸುವಂತಿರಬೇಕು.

ಅಕಾಡೆಮಿಗೆ ಸಲ್ಲುವ ನಿಯಮ ತರಗತಿಗೆ ಹಾಗೆಯೇ ಸಲ್ಲುವುದಿಲ್ಲ. ಅಕಾಡೆಮಿಗೆ ಅದು ನೂರನೆಯ ಚಕ್ರ. ನಿಮ್ಮ ವಿದ್ಯಾರ್ಥಿಗೆ ಅದು ಮೊದಲನೆಯದು. 12ನೆಯ ಶತಮಾನದಲ್ಲಿ, 'ಲೀಲಾವತಿ' ಬರೆದ ಭಾಸ್ಕರಾಚಾರ್ಯನೇ ಟೊಳ್ಳು ಕಡ್ಡಿಗಳಲ್ಲಿ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವನ್ನು ವರ್ಣಿಸಿದ್ದಾನೆ ಎಂದ ಮೇಲೆ ಹದಿನೇಳರ ಹುಡುಗನಿಗೆ ಆ ಯೋಚನೆ ಬಂದದ್ದರಲ್ಲಿ ನಾಚಿಕೆಯೇನಿದೆ?

ಆ ಹುಡುಗನ ನಂತರವೂ ಅಂತಹ ನಕ್ಷೆಗಳು ನನ್ನ ಬಳಿ ಬಂದಿವೆ. ಈಗ ನಾನು ಕಾಗದ ತೆಗೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಪ್ರತಿ ಗುಂಡಿನ ತೂಕವನ್ನು ಅಕ್ಷದಿಂದ ಅದಕ್ಕಿರುವ ಅಡ್ಡ ದೂರದಿಂದ ಗುಣಿಸಿ ಎರಡೂ ಬದಿಯ ಟಾರ್ಕ್ ಕೂಡಿಸಲು ಹೇಳುತ್ತೇನೆ. ಇಳಿಯುವ ಬದಿಯಲ್ಲಿ ದೂರ ಹೆಚ್ಚು, ಆದರೆ ಗುಂಡುಗಳು ಕಡಿಮೆ. ಏರುವ ಬದಿಯಲ್ಲಿ ದೂರ ಕಡಿಮೆ, ಗುಂಡುಗಳು ಹೆಚ್ಚು. ಚಕ್ರ ಸ್ವಲ್ಪ ಅತ್ತಿತ್ತ ಆಡಿ, ಎರಡೂ ಬದಿ ಸಮವಾಗುವ ಸ್ಥಾನದಲ್ಲಿ ನಿಲ್ಲುತ್ತದೆ. ಇನ್ನೂ ಸುಲಭವಾಗಿ ಹೇಳುವುದಾದರೆ, ಪೂರ್ತಿ ಒಂದು ಸುತ್ತಿನಲ್ಲಿ ಪ್ರತಿ ಗುಂಡೂ ಇಳಿದಷ್ಟೇ ಎತ್ತರ ಏರಬೇಕು. ಲಾಭ ಸೊನ್ನೆ, ಘರ್ಷಣೆಯ ನಷ್ಟ ಬೇರೆ. ಇದಕ್ಕೆ ಅರ್ಧ ಗಂಟೆ ಸಾಕು.

ಆ ಅರ್ಧ ಗಂಟೆಯನ್ನು ಮೊದಲು ಬಂದ ಹುಡುಗನಿಗೆ ನಾನು ಕೊಡಲಿಲ್ಲ. ನಿಮ್ಮ ಬಳಿ ಅಂತಹ ನಕ್ಷೆ ಹಿಡಿದು ಯಾರಾದರೂ ಬಂದರೆ 'ಮುಗಿದ ವಿಷಯ' ಎನ್ನುವ ಮುನ್ನ, ಅದು ಹೇಗೆ ಮುಗಿಯಿತೆಂಬುದನ್ನು ಅವರೊಡನೆ ಕೂತು ಒಮ್ಮೆ ಲೆಕ್ಕ ಹಾಕಿ ತೋರಿಸಿ.