ಟಿಕೆಟ್ ಒಬ್ಬರದು, ಹಾರಾಟ ಇನ್ನೊಬ್ಬರದು

ಅಮೆರಿಕದ ದೊಡ್ಡ ವಿಮಾನ ಕಂಪನಿಗಳ ಪೈಲಟ್ ಒಪ್ಪಂದಗಳಲ್ಲಿ ಸಂಬಳದಷ್ಟೇ ಹಗ್ಗಜಗ್ಗಾಟ ಕಂಡ ಭಾಗ ‘ಸ್ಕೋಪ್ ಕ್ಲಾಸ್’. ಕಂಪನಿಯ ಹೆಸರಿನಲ್ಲಿ ಹಾರುವ ವಿಮಾನವನ್ನು ಅದರ ಸೀನಿಯಾರಿಟಿ ಪಟ್ಟಿಯಲ್ಲಿರುವ ಪೈಲಟ್‌ಗಳೇ ಹಾರಿಸಬೇಕು ಎಂಬುದು ಅದರ ತಿರುಳು. ಹೊರಗುತ್ತಿಗೆ ಕೊಡುವುದಾದರೆ ಎಷ್ಟು ವಿಮಾನ, ಎಷ್ಟು ಸೀಟು, ಎಷ್ಟು ತೂಕ ಎಂಬುದಕ್ಕೂ ಅಲ್ಲೇ ಮಿತಿ ಹಾಕಲಾಗುತ್ತದೆ.

1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಗೊಂಡಾಗ ಸಣ್ಣ ಊರುಗಳ ಪ್ರಯಾಣಿಕರನ್ನು ದೊಡ್ಡ ನಿಲ್ದಾಣಗಳಿಗೆ ತಂದು ಮುಟ್ಟಿಸುವ ಕೆಲಸ ಪ್ರಾದೇಶಿಕ ಕಂಪನಿಗಳ ಪಾಲಾಯಿತು. ಪ್ರೊಪೆಲ್ಲರ್ ವಿಮಾನಗಳ ಕಾಲದಲ್ಲಿ ಅದು ದೊಡ್ಡ ಕಂಪನಿಯ ಪೈಲಟ್‌ಗಳನ್ನು ಅಷ್ಟಾಗಿ ಕಾಡಲಿಲ್ಲ. ತೊಂಬತ್ತರ ದಶಕದಲ್ಲಿ ಬೊಂಬಾರ್ಡಿಯರ್ ಮತ್ತು ಎಂಬ್ರೇಯರ್‌ಗಳ 50 ಸೀಟಿನ ಜೆಟ್‌ಗಳು ಬಂದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ಅವು ದೂರ ಹಾರಬಲ್ಲವು, ಪೈಲಟ್ ಸಂಬಳವೂ ಕಡಿಮೆ. 1997ರ ಫೆಬ್ರುವರಿಯಲ್ಲಿ ಈ ಜೆಟ್‌ಗಳನ್ನು ಯಾರು ಹಾರಿಸಬೇಕೆಂಬ ವಿವಾದದಲ್ಲೇ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಹೂಡಿದರು. ಅಧ್ಯಕ್ಷ ಕ್ಲಿಂಟನ್ ನಿಮಿಷಗಳಲ್ಲೇ ಮಧ್ಯಪ್ರವೇಶಿಸಿ ತಡೆದರು.

ಇನ್ನೊಂದು ಬದಿಯಲ್ಲೂ ಸಿಟ್ಟು ಕುದಿಯುತ್ತಿತ್ತು. ಡೆಲ್ಟಾ ಒಡೆತನದ ಪ್ರಾದೇಶಿಕ ಕಂಪನಿ ಕೋಮೇರ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ನಡೆಸಿದರು. ದೊಡ್ಡ ಕಂಪನಿ ಮತ್ತು ಪ್ರಾದೇಶಿಕ ಕಂಪನಿ ಎರಡರ ಪೈಲಟ್‌ಗಳನ್ನೂ ಪ್ರತಿನಿಧಿಸುತ್ತಿದ್ದ ‘ಆಲ್ಪಾ’ ಸಂಘ ಇಕ್ಕಟ್ಟಿಗೆ ಸಿಲುಕಿತು. ಒಬ್ಬ ಸದಸ್ಯನಿಗೆ ರಕ್ಷಣೆಯಾದ ಮಿತಿ ಇನ್ನೊಬ್ಬನ ಬಡ್ತಿಗೆ ಅಡ್ಡಗೋಡೆಯಾಗಿತ್ತು.

2001ರ ಸೆಪ್ಟೆಂಬರ್ ದಾಳಿಯ ನಂತರ ಯುಎಸ್ ಏರ್‌ವೇಸ್, ಯುನೈಟೆಡ್, ಡೆಲ್ಟಾ, ನಾರ್ತ್‌ವೆಸ್ಟ್ ಒಂದೊಂದಾಗಿ ದಿವಾಳಿ ಕೋರ್ಟಿನ ಮೆಟ್ಟಿಲೇರಿದವು. ನ್ಯಾಯಾಲಯ ಇಡೀ ಒಪ್ಪಂದವನ್ನೇ ರದ್ದುಪಡಿಸೀತೆಂಬ ಭಯದಲ್ಲಿ ಸಂಘಗಳು ಸಡಿಲಿಕೆಗೆ ಒಪ್ಪಿದವು. 50 ಸೀಟಿನ ಗಡಿ 70ಕ್ಕೆ, ಮುಂದೆ 76ಕ್ಕೆ ಸರಿಯಿತು.

2009ರ ಫೆಬ್ರುವರಿ 12ರಂದು ಕಾಂಟಿನೆಂಟಲ್ ಹೆಸರಿನಲ್ಲಿ ಕೋಲ್ಗನ್ ಏರ್ ಹಾರಿಸುತ್ತಿದ್ದ ವಿಮಾನ ಬಫಲೊ ಬಳಿ ಬಿದ್ದು 50 ಜನ ಸತ್ತರು. ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದು ತನಿಖೆ ಹೇಳಿತು. ಆದರೆ ಸಹಪೈಲಟ್ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರೆಂಬುದು ವಿಚಾರಣೆಯಲ್ಲಿ ತಿಳಿದಾಗ ಪ್ರಾದೇಶಿಕ ಪೈಲಟ್‌ಗಳ ಅಲ್ಪ ಸಂಬಳ, ಆಯಾಸ ದೇಶದ ಚರ್ಚೆಯಾದವು. 2010ರ ಕಾನೂನಿನ ಫಲವಾಗಿ ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಕಡ್ಡಾಯವಾಯಿತು.

2012ರಲ್ಲಿ ಡೆಲ್ಟಾ ಪೈಲಟ್‌ಗಳು ಚೌಕಾಶಿಯ ಹೊಸ ದಾರಿ ಹಿಡಿದರು. 76 ಸೀಟಿನ ಜೆಟ್‌ಗಳು ಹೆಚ್ಚಲಿ, 50 ಸೀಟಿನವು ಇಳಿಯಲಿ, ಪ್ರತಿಯಾಗಿ 88 ಬೋಯಿಂಗ್ 717ಗಳು ನಮ್ಮ ಕೈಗೆ ಬರಲಿ ಎಂದರು. ಒಪ್ಪಂದ ಕುದುರಿತು.

ಈ ಮಿತಿಗಳು ಕಾರ್ಖಾನೆಯವರೆಗೂ ಮುಟ್ಟಿವೆ. ಒಪ್ಪಂದಗಳು ಹಾಕಿದ ಸುಮಾರು 39 ಟನ್‌ಗಳ ತೂಕದ ಗಡಿಯನ್ನು ಎಂಬ್ರೇಯರ್ ಇ175-ಇ2 ದಾಟುತ್ತದೆ. ಅದರ ಕೆಲಸ ಮತ್ತೆ ಮತ್ತೆ ಮುಂದೂಡಲ್ಪಟ್ಟಿದೆ. ಸಿಆರ್‌ಜೆ-550 ಎಂಬುದಂತೂ 70 ಜನ ಕೂರಬಹುದಾದ ಒಡಲಿನಲ್ಲಿ 50 ಸೀಟನ್ನಷ್ಟೇ ಇಟ್ಟು, ಉಳಿದ ಜಾಗದಲ್ಲಿ ಕೈಚೀಲಗಳಿಗೆ ಕಪಾಟು ಕಟ್ಟಿದ ವಿಮಾನ.

ಕೋವಿಡ್ ನಂತರ ಪೈಲಟ್ ಕೊರತೆ ತಲೆದೋರಿತು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪ್ರಾದೇಶಿಕ ಅಂಗಸಂಸ್ಥೆಗಳು ಹೊಸ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡತೊಡಗಿದವು. ಅಗ್ಗದ ದುಡಿಮೆಯೆಂಬ ಹೊರಗುತ್ತಿಗೆಯ ಬುನಾದಿಯೇ ಅಲುಗಿತು.

ನಾಲ್ಕು ದಶಕಗಳ ಮಾತುಕತೆ ಸೀಟು, ತೂಕಗಳನ್ನು ಎಣಿಸುವುದರಲ್ಲೇ ಹೆಚ್ಚು ಶಕ್ತಿ ಸುರಿದು ಪೈಲಟ್‌ಗಳಲ್ಲೇ ಎರಡು ದರ್ಜೆ ಉಳಿಸಿತು. ಟಿಕೆಟ್ ಮಾರುವ ಕಂಪನಿಯೇ ಹಾರಿಸುವವರ ಸಂಬಳ, ತರಬೇತಿ, ವಿಶ್ರಾಂತಿಗೂ ಹೊಣೆಯಾಗಬೇಕು. ಸಂಘಗಳು ಮುಂದಿನ ಒಪ್ಪಂದಗಳಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.