ಲವಂಗವೆಂಬ ಹೆಸರು

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಲವಂಗವೆಂಬ ಹೆಸರು ಎರಡು ವಸ್ತುಗಳಿಗೆ ಸಲ್ಲುತ್ತಿತ್ತು. ಮೊಗ್ಗು ಬರಿಯ ಲವಂಗ. ಇತರರು ಚಕ್ಕೆಯೆಂದೋ ದಾಲ್ಚಿನ್ನಿಯೆಂದೋ ಕರೆಯುವ ತೊಗಟೆ ಲವಂಗಪಟ್ಟೆ. ಒಂದು ದಿನ ಅವರು ತೊಗಟೆಯನ್ನು ಕೇಳಿದಾಗ ನಾನು ಮೊಗ್ಗನ್ನು ಒಯ್ದು ಕೊಟ್ಟೆ. “ಲವಂಗ ಅಲ್ಲವೋ ಮಗು, ಲವಂಗಪಟ್ಟೆ” ಎಂದು ಅವರು ಮತ್ತೆ ಮಸಾಲೆ ಡಬ್ಬಿಯ ಬಳಿಗೆ ಅಟ್ಟಿದರು. ಒಂದು ಮರದ ಹೂವಿಗೂ ಬೇರೊಂದು ಮರದ ಸಿಪ್ಪೆಗೂ ಒಂದೇ ಹೆಸರನ್ನು ಹಂಚಿಕೊಟ್ಟವರು ಯಾರು ಎಂಬ ಪ್ರಶ್ನೆ ಅಂದಿನಿಂದ ನನ್ನಲ್ಲಿ ಉಳಿದುಬಂದಿದೆ.

ಒಂದು ಲವಂಗವನ್ನು ಅಂಗೈಯ ಮೇಲಿಟ್ಟು ನೋಡಿದರೆ ಅದರ ಕಡ್ಡಿಯ ತುದಿಯಲ್ಲಿ ಹಲ್ಲುಗಳಂತೆ ಚಾಚಿದ ನಾಲ್ಕು ಮೂಲೆಗಳೂ, ಅವುಗಳ ನಡುವೆ ಅರಳದೆಯೇ ಮುಚ್ಚಿಕೊಂಡ ದಳಗಳ ಪುಟ್ಟ ಉಂಡೆಯೂ ಕಾಣುತ್ತವೆ. ಹಸುರು ಮೊಗ್ಗು ನಸುಗೆಂಪಿಗೆ ತಿರುಗುವ ಹೊತ್ತಿಗೆ ಕೊಯ್ದು, ಬಿಸಿಲಿನಲ್ಲಿ ಹರವಿ ಒಣಗಿಸಿದರೆ, ಮೂರು ಸೇರು ಹಸಿ ಮೊಗ್ಗು ಸುಮಾರು ಒಂದು ಸೇರಿಗೆ ಇಳಿಯುತ್ತದೆ. ಹೂವು ಅರಳಿತೆಂದರೆ ಸರಕಿನ ಬೆಲೆ ಹೋಯಿತು. ನಮ್ಮ ನೇರಳೆಯೂ ಈ ಮರವೂ ಒಂದೇ ಕುಲದವು. ಕಡ್ಡಿಯನ್ನು ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗುವುದೇ ಒಳ್ಳೆಯ ಲವಂಗದ ಲಕ್ಷಣ. ಒಣಗಿದ ಮೊಗ್ಗಿನ ತೂಕದಲ್ಲಿ 100ಕ್ಕೆ 15ರಿಂದ 20 ಭಾಗ ಈ ಸುಗಂಧತೈಲವೇ ಆಗಿರುತ್ತದೆ. ಬಹುಪಾಲು ಸುಗಂಧತೈಲಗಳು ನೀರಿನ ಮೇಲೆ ತೇಲಿದರೆ, ಲವಂಗದೆಣ್ಣೆ ನೀರಿಗಿಂತ ಭಾರವಾದುದರಿಂದ ತಳಕ್ಕಿಳಿದು ನಿಲ್ಲುತ್ತದೆ.

ಈ ಮೊಗ್ಗಿಗೆ ಹೆಸರಿಡುವಾಗ ಅನೇಕ ಜನಾಂಗಗಳು ಕಣ್ಣನ್ನು ನಂಬಿದವು. ಲ್ಯಾಟಿನ್ ಭಾಷೆಯ ಮೊಳೆಯೆಂಬ ಅರ್ಥದ ‘ಕ್ಲಾವುಸ್’ ಫ್ರೆಂಚರಲ್ಲಿ ‘ಕ್ಲೂ’ ಆಗಿ, ಆಂಗ್ಲರಲ್ಲಿ ‘ಕ್ಲೋವ್’ ಆಯಿತು. ಪಾರಸಿಯ ‘ಮೇಖಕ್’ ಎಂದರೂ ಚಿಕ್ಕ ಮೊಳೆಯೇ. ಚೀನರಿಗೆ ಇದು ಕಂಪಿನ ಮೊಳೆ. ನಮ್ಮ ಶಬ್ದದ ದಾರಿ ಬೇರೆ. ಲವಂಗದ ತವರು ಇಂಡೋನೇಷ್ಯದ ಮಲುಕು ದ್ವೀಪಗಳು, ಅದರಲ್ಲಿಯೂ ತೆರ್ನಾತೆ, ತಿದೋರೆಗಳಂಥ ಕಿರುದ್ವೀಪಗಳು. ಸಂಸ್ಕೃತದ ‘ಲವಂಗ’ವೂ ಆ ಕಡಲ ಭಾಷೆಗಳಿಂದಲೇ ಬಂದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಲವಂಗಪುಷ್ಪಗಳನ್ನು ಗಾಳಿಯು ಅನ್ಯದ್ವೀಪಗಳಿಂದ ಹೊತ್ತು ತರುವುದಾಗಿ ವರ್ಣಿಸಿರುವನಾದ್ದರಿಂದ, ಇದು ಕಡಲಾಚೆಯ ಹೂವೆಂಬ ಅರಿವು ಅವನ ಕಾಲದಲ್ಲಿಯೇ ಇದ್ದಿತು. ಅಮರಕೋಶ ಅದನ್ನು ದೇವಕುಸುಮವೆಂದು ಗೌರವಿಸಿತು.

ಹೀಗೆ ಬಂದ ಶಬ್ದ ದಕ್ಷಿಣದಲ್ಲಿ ಒಂದು ಮರದಿಂದ ಮತ್ತೊಂದಕ್ಕೆ ಹಬ್ಬಿತು. ಮಲೆಯಾಳದ ‘ಇಲವಂಗ’ ದಾಲ್ಚಿನ್ನಿಯೇ ಆಗಿಹೋಗಿ, ಮೊಗ್ಗಿಗೆ ‘ಗ್ರಾಂಪೂ’ ಎಂಬ ಬೇರೆ ಹೆಸರು ನಿಂತಿತು. ತಮಿಳರೂ ತೊಗಟೆಯನ್ನು ಲವಂಗಪಟ್ಟೆಯೆನ್ನುತ್ತಾರೆ. ಇನ್ನೂ ವಿಸ್ಮಯದ ಸಂಗತಿಯೆಂದರೆ, ಲವಂಗದ ತವರಾದ ಮಲುಕುವಿನಲ್ಲಿಯೇ ದಾಲ್ಚಿನ್ನಿಯ ಕುಲದ ಒಂದು ಮರವುಂಟು; ಲವಂಗದ ಕಂಪನ್ನು ಬೀರುವ ಅದರ ತೊಗಟೆಗೆ ‘ಕುಲಿತ್ ಲವಾಂಗ್’ ಎಂದು ಹೆಸರು. ಮಲಯ ಭಾಷೆಯಲ್ಲಿ ಕುಲಿತ್ ಎಂದರೆ ತೊಗಟೆ. ಕನ್ನಡದ ಅಜ್ಜಿಯ ಲವಂಗಪಟ್ಟೆಗೆ ಆ ದೂರದ ದ್ವೀಪದಲ್ಲಿ ಒಡಹುಟ್ಟಿದ ಮಾತೊಂದಿದೆ!

ಈ ಕಂಪಿನ ಒಡಲಾದ ದ್ರವ್ಯಕ್ಕೆ ರಸಾಯನಶಾಸ್ತ್ರದಲ್ಲಿ ಯೂಜಿನಾಲ್ ಎಂದು ಹೆಸರು. ಲವಂಗದ ಮರವನ್ನು ಹಿಂದೆ ‘ಯೂಜೀನಿಯ’ ಕುಲಕ್ಕೆ ಸೇರಿಸಿದ್ದರು; ಸವಾಯ್ ಮನೆತನದ ರಾಜಕುಮಾರ ಯೂಜಿನನ ಗೌರವಾರ್ಥವಾಗಿ ಇಟ್ಟ ಕುಲನಾಮವದು; ಆತನ ಹೆಸರು ಹೀಗೆ ನಮ್ಮ ಹಲ್ಲುನೋವಿನ ಔಷಧದವರೆಗೂ ಬಂದು ತಲುಪಿತು. ಹುಳುಕು ಹಲ್ಲಿನ ಮೇಲೆ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟಾಗ ಮೊದಲು ಚುರುಗುಟ್ಟಿ, ಬಳಿಕ ಒಸಡು ಜೋಮುಗಟ್ಟಿ, ನೋವು ಮೆಲ್ಲನೆ ಹಿಂಜರಿಯುವುದು ಇದರ ಗುಣದಿಂದಲೇ. ದಂತವೈದ್ಯರು ಯೂಜಿನಾಲನ್ನು ಸತುವಿನ ಆಕ್ಸೈಡಿನೊಡನೆ ಕಲಸಿ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುವುದೂ ಉಂಟು. ಬೀಡಾ ಬಿಚ್ಚದಂತೆ, ಬಾದಾಮಿಪೂರಿಯ ಮಡಿಕೆ ಸಡಿಲದಂತೆ ಲವಂಗವನ್ನು ಚುಚ್ಚುವ ನಮ್ಮವರು ಅದನ್ನು ಮೊಳೆಯಾಗಿಯೇ ಬಳಸಿದರು. ಆದರೆ ಮೊಳೆಯೆಂದು ಎಂದೂ ಕರೆಯಲಿಲ್ಲ.

ಈಚೆಗೆ ಮಲೆನಾಡಿನ ಒಂದು ಹಿತ್ತಲಿನಲ್ಲಿ ದಾಲ್ಚಿನ್ನಿ ಗಿಡದ ಎಲೆಯೊಂದನ್ನು ಕಿತ್ತು, ಅಂಗೈಗಳ ನಡುವೆ ಹೊಸಕಿ ಮೂಸಿದೆ. ಬಂದದ್ದು ಚಕ್ಕೆಯ ಸಿಹಿಗಾರದ ವಾಸನೆಯಲ್ಲ, ಲವಂಗದ ಕಂಪು! ದಾಲ್ಚಿನ್ನಿಯ ತೊಗಟೆಯ ಎಣ್ಣೆಯಲ್ಲಿ ಪ್ರಧಾನವಾದುದು ಸಿನ್ನಮಾಲ್ಡಿಹೈಡ್. ಯೂಜಿನಾಲ್ ಅಲ್ಲಿ ಅಲ್ಪ. ಎಲೆಯ ಎಣ್ಣೆಯಲ್ಲಾದರೋ 100ರಲ್ಲಿ ಸಾಮಾನ್ಯವಾಗಿ 70 ಭಾಗಕ್ಕೂ ಮಿಗಿಲಾಗಿ ಯೂಜಿನಾಲೇ ತುಂಬಿರುತ್ತದೆ. ನೇರಳೆಯ ಬಂಧುವಾದ ಒಂದು ಮರ, ಅದಕ್ಕೆ ಯಾವ ಬಳಗದ ಸಂಬಂಧವೂ ಇಲ್ಲದ ಇನ್ನೊಂದು ಮರ, ಎರಡರಲ್ಲಿಯೂ ಅದೇ ತೈಲಸಾರ. ಸಸ್ಯಶಾಸ್ತ್ರಜ್ಞರು ಹೂವಿನ ರಚನೆಯನ್ನು ನೋಡಿ ಬೇರ್ಪಡಿಸಿದ್ದನ್ನು ನಮ್ಮ ಹಿರಿಯರ ಮೂಗು ಕೂಡಿಸಿಟ್ಟಿತ್ತು. ಆ ಕೂಡಿಕೆಗೂ ಸತ್ಯದ ಆಧಾರವಿತ್ತು. ಅಜ್ಜಿಯ ಮಾತಿನಲ್ಲಿ ನಾನು ಕಂಡಿದ್ದ ಗೊಂದಲ ಹೊಸಕಿದ ಆ ಎಲೆಯೊಡನೆ ಕರಗಿತು. ಕೈಗಂಟಿದ ಲವಂಗದ ವಾಸನೆ ಸಂಜೆಯವರೆಗೂ ಹೋಗಲಿಲ್ಲ.